ಗಾಳೆಮ್ಮ ಕಟ್ಟಿದ ಪದ್ಧತಿ

ಫಿಲಂ ತೆಗೆಯುವವರ ಜೀಪು ನಮ್ಮ ಮುಕ್ಕುಂದದೊಳಗೆ ಬಂದಾಗ ಊರ ಗಂಡಸರೆಲ್ಲ ಕುಟುಂಬ ಯೋಜನೆಯವರು ಬಂದರೆಂದು ತಿಳಿದು ಗದ್ದೆಯ ಹಾದಿ ಹಿಡಿದರು. ಎಲ್ಲರಿಗಿಂತ ಮುಂದೆ ಓಡಿದವನು ನನ್ನ ಗಂಡ ಆದಪ್ಪ. ಹೀಗಾಗಿ ಬಂದವರನ್ನು ಮಾತಾಡಿಸಲು ಉಳಿದವರು ಹೆಂಗಸರು, ಮುದುಕರು ಮತ್ತು ನಮ್ಮತ್ತೆ ಹೊನ್ನೂರಮ್ಮ. ನಮ್ಮತ್ತೆಯನ್ನು ಹೆಂಗಸರಲ್ಲೂ ಸೇರಿಸಲು ಬರುವುದಿಲ್ಲ, ಮುದುಕರಲ್ಲೂ ಸೇರಿಸಲು ಬರುವುದಿಲ್ಲ. ಅವಳದೇ ಬೇರೆ ಜಾತಕ.

ಬಂದವರು ಬೆಂಗಳೂರಿನ ಒಬ್ಬ ಸಾಹೇಬರು, ಕ್ಯಾಮೆರಾದವನೊಬ್ಬ, ಕಿವಿಗೆ ಡಬ್ಬಿಗಳನ್ನು ಹಾಕಿಕೊಂಡು ಸಪ್ಪಳ ಹಿಡಿಯುವವನೊಬ್ಬ. ಜೀಪಿನ ಡ್ರೈವರು ಮಾತ್ರ ನಮ್ಮ ಸಿಂಧನೂರಿನ ಅಮೀನ್‌ಸಾಬ್. ಕಾಲುವೆ ನೀರು ಬಂದ ಮೇಲೆ ಈ ಸೀಮೆಯ ಜನ ಏನು ಉಣ್ಣುತ್ತಾರೆ, ಏನು ಹಾಡುತ್ತಾರೆ ಎಂಬುದನ್ನೆಲ್ಲ ಫಿಲಂ ಮಾಡಿ ಊರೂರಿಗೆ ತೋರಿಸುತ್ತಾರಂತೆ. ಹಿಂದಿನ ದಿನ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ಹೋಗಿ ಅಲ್ಲಿನ ಬಂಗಾಲಿಗಳು ಕಾಲುವೆಯಲ್ಲಿ ಮೀನು ಹಿಡಿಯುವುದನ್ನು ತೆಗೆದುಕೊಂಡು ಬಂದಿದ್ದರು. ಈಗ ಅವರಿಗೆ ಬೀಸುಕಲ್ಲಿನ ಪದ ಬೇಕಾಗಿತ್ತು. ಊರಲ್ಲಿ ಯಾರನ್ನು ಕೇಳಿದರೂ ಎಲ್ಲರೂ ನಮ್ಮ ಮನೆಯ ಕಡೆಗೇ ಬೆರಳು ತೋರಿಸಿದರು.

ಅದು ನನ್ನ ಹಾಡಿಗಾಗಿ ಅಲ್ಲ. ನನ್ನ ಹೆಸರು ಕರೆವ್ವ, ನನ್ನದು ಎಮ್ಮೆ ಕರೆಯಲಿಕ್ಕೆ ಸರಿಯಾದ ಗಂಟಲು. ಹಾಡುವವಳು ನನ್ನ ನೆಗೆಣ್ಣಿ ಗಾಳೆಮ್ಮ, ನನ್ನ ಗಂಡನ ಅಣ್ಣ ದುರುಗಪ್ಪನ ಹೆಂಡತಿ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಒಂದೇ ಕಲ್ಲಿಗೆ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ ಬೀಸುತ್ತಿದ್ದೆವು. ಅವಳು ಪದ ಎತ್ತುತ್ತಿದ್ದಳು, ನಾನು ಹಿಂದಿನಿಂದ ಹಿಡಿಯುತ್ತಿದ್ದೆ. ಅವಳ ದನಿ ಚೆಂದ ಎಂದು ಹೊಟ್ಟೆಕಿಚ್ಚು ಪಡಬೇಕೆಂದು ಮೊದಮೊದಲು ಬಹಳ ಪ್ರಯತ್ನಪಟ್ಟೆ. ಅವಳು ಒಳ್ಳೆಯವಳಾಗಿದ್ದರಿಂದ ಅದೂ ಕೈಗೂಡಲಿಲ್ಲ.

ಹಿಟ್ಟಿನ ಗಿರಣಿ ಬಂದ ಮೇಲೆ ನಮ್ಮ ಬೀಸುಕಲ್ಲು ದನದ ಕೊಟ್ಟಿಗೆಯ ಮೂಲೆ ಸೇರಿತ್ತು. ಬೇಳೆ ಒಡೆಯುವಾಗ ಮಾತ್ರ ಅದರ ನೆನಪು. ಸಾಹೇಬರು ಬಂದರೆಂದು ಅದನ್ನು ತೊಳೆದು ಅಂಗಳಕ್ಕೆ ತಂದೆವು. ಅತ್ತೆ ತನಗೂ ಫಿಲಮಿನಲ್ಲಿ ಜಾಗವಿದೆಯೆಂದು ತಾನೇ ತೀರ್ಮಾನಿಸಿ, ಪೆಟ್ಟಿಗೆಯಲ್ಲಿದ್ದ ಬೆಳ್ಳಿಯನ್ನೆಲ್ಲ ಮೈಮೇಲೆ ಹಾಕಿಕೊಂಡು ಬಂದು ಕ್ಯಾಮೆರಾದ ಎದುರಿಗೇ ಕೂತಳು. ಅವಳನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ಸಾಹೇಬರ ಅರ್ಧ ಬಿಸಿಲು ಹೋಯಿತು.

ಮೊದಲು ಸಪ್ಪಳದವನು ಕಲ್ಲನ್ನು ಸುಮ್ಮನೆ ಒಂದೆರಡು ಸುತ್ತು ತಿರುಗಿಸಿ ಎಂದ. ನಾವಿಬ್ಬರೂ ಗೂಟದಿಂದ ಕೈ ತೆಗೆದೆವು. ಅವನಿಗೆ ಯಾಕೆಂದು ತಿಳಿಯಲಿಲ್ಲ. ಕಾಳಿಲ್ಲದ ಕಲ್ಲು ತಿರುಗಿಸಿದರೆ ಮನೆಯಲ್ಲಿ ಕಾಳು ತೀರುತ್ತದೆ, ಬೀಸಿದರೆ ಜೋಳ ಹಾಕಿಯೇ ಬೀಸಬೇಕು ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದಳು. ಸರಿ, ಸಂತೆಯಲ್ಲಿ ಕೊಂಡ ಜೋಳ ತಂದೆವು. ಸಪ್ಪಳ ನೋಡಲಿಕ್ಕೆ ಒಂದು ಹಿಡಿ ಜೋಳ, ಬೆಳಕು ನೋಡಲಿಕ್ಕೆ ಒಂದು ಹಿಡಿ ಜೋಳ, ಕರು ಕೂಗಿತೆಂದು ಇನ್ನೊಂದು ಸಲ, ನನ್ನ ಸೆರಗು ಅಡ್ಡ ಬಂತೆಂದು ಮತ್ತೊಂದು ಸಲ. ಬಿಸಿಲು ಇಳಿಯುವ ಹೊತ್ತಿಗೆ ಮದುವೆ ಮನೆಗೆ ಸಾಕಾಗುವಷ್ಟು ಹಿಟ್ಟು ಬಿತ್ತು. ಅದು ಕೆಡುವುದರೊಳಗೆ ತಿನ್ನಬೇಕಲ್ಲ, ಓಣಿಯವರನ್ನೆಲ್ಲ ಕರೆದು ರೊಟ್ಟಿ ಬಡಿದೆವು. ಗದ್ದೆಯಲ್ಲಿ ಅಡಗಿದ್ದ ಗಂಡಸರು ವಾಸನೆ ಹಿಡಿದು ಒಬ್ಬೊಬ್ಬರೇ ಮರಳಿದರು. ಸಾಹೇಬರು ರೊಟ್ಟಿ ಉಬ್ಬುವುದನ್ನೂ ತೆಗೆಯಬೇಕೆಂದು ಒಲೆಯ ಮುಂದೆ ಕೂತರು. ಆದರೆ ಕ್ಯಾಮೆರಾ ಶುರುವಾಗುವ ಮೊದಲೇ ಅದು ಉಬ್ಬಿ ಇಳಿದುಬಿಡುತ್ತಿತ್ತು. ಸಪ್ಪಳದವನು ಪುಂಡಿಪಲ್ಯ, ಕೆಂಪು ಖಾರ ಹಚ್ಚಿಕೊಂಡು ತಿಂದು ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತಲೇ ಇನ್ನೊಂದು ರೊಟ್ಟಿ ಕೇಳಿದ. ಅವತ್ತಿನಿಂದ ನನಗೆ ಅವನ ಮೇಲೆ ಸಿಟ್ಟಿಲ್ಲ.

ಊಟವಾದ ಮೇಲೆ ಸಾಹೇಬರು ಒಂದು ಮಾತು ತೆಗೆದರು. ಅಕ್ಕ ಹಾಡಿದ ಪದಗಳೆಲ್ಲ ದೇವರ ಮೇಲಿನವು, ಚೆನ್ನಾಗಿವೆ. ಆದರೆ ಹೆಣ್ಣುಮಕ್ಕಳು ಬೀಸುವಾಗ ತವರನ್ನೂ ಅಣ್ಣತಮ್ಮಂದಿರನ್ನೂ ಹೆಸರು ಹಿಡಿದು ಹಾಡುತ್ತಾರೆಂದು ಕೇಳಿದ್ದೇನೆ, ಅಂಥದೊಂದು ಬೇಕು ಎಂದರು. ಅಕ್ಕ ಒಲೆಯ ಮೇಲೆ ಬೇಳೆ ಇದೆಯೆಂದು ಎದ್ದು ಒಳಗೆ ಹೋದಳು. ಒಲೆ ಆರಿ ಬಹಳ ಹೊತ್ತಾಗಿತ್ತು.

ಇದರ ಹಿಂದಿನದನ್ನು ಹೇಳಬೇಕು. ಅಕ್ಕನ ತವರು ಮಸ್ಕಿಯ ಹಳ್ಳದ ಆಚೆ, ಕಾಲುವೆ ನೀರು ಹತ್ತದ ಎರೆ ಸೀಮೆ. ಅಲ್ಲಿ ಬೆಳೆಯುವ ಬಿಳಿಜೋಳ ಹಲ್ಲಿಗಿಟ್ಟರೆ ಸಿಹಿ. ಅವಳ ಅಣ್ಣ ಅಂಬಪ್ಪ ಪ್ರತಿವರ್ಷ ಸುಗ್ಗಿಯಾದ ಕೂಡಲೇ ಬಂಡಿ ಕಟ್ಟಿಕೊಂಡು ತಂಗಿಗೆಂದು ಒಂದು ಚೀಲ ಹೊಸ ಜೋಳ ತರುತ್ತಿದ್ದ. ಪಂಚಮಿಗೆ ಮತ್ತೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಅವನು ಬರುವ ದಿನ ಅಕ್ಕನ ಮುಖ ನೋಡಬೇಕಾಗಿತ್ತು. ನನ್ನ ತವರು ಇಲ್ಲೇ ದಢೇಸುಗೂರು. ನನ್ನ ತಮ್ಮಂದಿರು ವಾರಕ್ಕೊಮ್ಮೆ ಬಂದು ಇದ್ದದ್ದನ್ನೆಲ್ಲ ತಿಂದು ಹೋಗುತ್ತಾರೆ. ಅವರು ಬಂದರೆ ನನ್ನ ಮುಖ ಹಾಗೆ ಆಗುವುದಿಲ್ಲ.

ನಮ್ಮ ಹೊಲಕ್ಕೆ ನೀರು ಹತ್ತಿ, ಕಾಲುವೆ ಬದಿಗೆ ಬಂದು ಕ್ಯಾಂಪು ಕಟ್ಟಿಕೊಂಡ ಆಂಧ್ರದವರನ್ನು ನೋಡಿ ನಾವೂ ಭತ್ತ ಹಚ್ಚುವುದು ಕಲಿತು, ಮನೆ ತುಂಬ ಅಕ್ಕಿಯಾದಾಗ ಅತ್ತೆಗೆ ನೆಲ ಕಾಣದಾಯಿತು. ಹಬ್ಬಕ್ಕೊಮ್ಮೆ ಅನ್ನ ಕಂಡ ಮನೆ ನಮ್ಮದು. ಆ ವರ್ಷ ಅಂಬಪ್ಪ ಬಂದಾಗ ಅತ್ತೆ ಅವನಿಗೆ ಬೆಳ್ಳಗೆ ಅನ್ನ ಬಡಿಸಿದಳು. ಮರ್ಯಾದೆ ಮಾಡುತ್ತಿದ್ದೇನೆಂದೇ ಅವಳ ಎಣಿಕೆ. ಬಡಿಸುತ್ತ ಬಡಿಸುತ್ತ ನಕ್ಕು, ಈಗ ನಮ್ಮ ಮನೆಯಲ್ಲಿ ಜೋಳ ಯಾರು ತಿನ್ನುತ್ತಾರಪ್ಪ, ನೀನು ತಂದದ್ದನ್ನು ನುಚ್ಚು ಮಾಡಿ ಎತ್ತಿಗೆ ಹಾಕಬೇಕು ಅಷ್ಟೆ ಎಂದುಬಿಟ್ಟಳು. ಅಷ್ಟು ಸಾಲದೆಂದು ಅವನ ಬಂಡಿಯಲ್ಲಿ ಎರಡು ಚೀಲ ಅಕ್ಕಿ ಇಡಿಸಿದಳು. ತಂಗಿಗೆ ಕೊಡಲು ಬಂದ ಅಣ್ಣ ತಂಗಿಯ ಮನೆಯಿಂದ ಹೊತ್ತುಕೊಂಡು ಹೋಗುವುದುಂಟೇ? ಅಂಬಪ್ಪ ಕೈ ತೊಳೆದು, ಅಕ್ಕಿ ಚೀಲ ಇಳಿಸಿ ಗೋಡೆಗೆ ಒರಗಿಸಿ, ಎತ್ತು ಹೂಡಿದ. ಹೋಗುವಾಗ ತಂಗಿಗೆ ಒಂದೇ ಮಾತು ಹೇಳಿದ.

“ನಿಮ್ಮನ್ಯಾಗ ಇನ್ನ ನನ್ನ ಕೆಲಸ ಏನೂ ಇಲ್ಲವಾ ತಂಗಿ.”

ಆ ವರ್ಷ ಪಂಚಮಿಗೆ ಅವನು ಬರಲಿಲ್ಲ. ಮರುವರ್ಷವೂ ಇಲ್ಲ, ಅದರಾಚೆಯ ವರ್ಷವೂ ಇಲ್ಲ. ಕರೆಯಲು ಯಾರೂ ಬಾರದೆ ಹೆಣ್ಣುಮಗಳು ತಾನಾಗಿ ತವರಿಗೆ ಹೋಗುವ ಹಾಗಿಲ್ಲ. ನಾನಾಗಿದ್ದರೆ ಹೋಗಿ ಅಣ್ಣನ ಕಿವಿ ಹಿಂಡಿ ಬರುತ್ತಿದ್ದೆ, ಅಕ್ಕ ಅಂಥವಳಲ್ಲ. ಅವನು ತಂದಿಟ್ಟ ಜೋಳವನ್ನು ಎತ್ತಿಗೆ ಹಾಕಲು ಬಿಡದೆ ದಿನಾ ಒಂದಿಷ್ಟು ಬೀಸಿ, ಅದು ತೀರುವವರೆಗೂ ತಾನೊಬ್ಬಳೇ ರೊಟ್ಟಿ ಮಾಡಿಕೊಂಡು ತಿಂದಳು. ಅಂದಿನಿಂದ ಬೀಸುವ ಪದದಲ್ಲಿ ಅಣ್ಣನ ಹೆಸರು ಬಿಟ್ಟಳು. ದೇವರ ಪದ ಮಾತ್ರ ಉಳಿಯಿತು. ಅತ್ತೆಗೆ ತಾನು ಮಾಡಿದ್ದು ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾಗಿಯೂ ಒಪ್ಪಿಕೊಂಡರೆ ಅವಳು ಹೊನ್ನೂರಮ್ಮ ಹೇಗಾದಾಳು?

ಸಾಹೇಬರು ಮರುದಿನ ಬೆಳಿಗ್ಗೆಯೂ ಬಿಡಲಿಲ್ಲ. ಭಾವ ದುರುಗಪ್ಪ ದೊಡ್ಡವನಂತೆ ಹಾಡಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ. ಎಲ್ಲರೂ ಸುತ್ತ ನಿಂತು ಹಾಡು ಹಾಡು ಎನ್ನತೊಡಗಿದಾಗ ಅಕ್ಕ ತಲೆ ತಗ್ಗಿಸಿಕೊಂಡೇ ಹೇಳಿದಳು.

“ತವರಿನ ಪದ ಸುಮ್ನ ಹಾಡಾಕ ಬರಂಗಿಲ್ರಿ. ತವರಿನ ಜ್ವಾಳ ಕಲ್ಲಿಗೆ ಬಿದ್ದರನ ಹಾಡಬೇಕು. ನಮ್ಮ ಕಡಿ ಪದ್ಧತಿ ಹಂಗೈತ್ರಿ.”

ನಾನು ಬಾಯಿ ತೆರೆದು ನೋಡಿದೆ. ವರ್ಷಗಟ್ಟಲೆ ಅವಳ ಎದುರಿಗೆ ಕೂತು ಬೀಸಿದವಳು ನಾನು. ಇಂಥ ಪದ್ಧತಿಯನ್ನು ನಾನೂ ಕೇಳಿಲ್ಲ, ನನ್ನನ್ನು ಹೆತ್ತವಳೂ ಕೇಳಿಲ್ಲ. ಅದು ನಿಜವಾಗಿದ್ದರೆ ಭತ್ತ ಬೆಳೆಯುವ ದಢೇಸುಗೂರಿನವಳಾದ ನಾನು ಜನ್ಮಪೂರ್ತಿ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಸಾಹೇಬರಿಂದ ತಪ್ಪಿಸಿಕೊಳ್ಳಲು ಅಕ್ಕ ನಿಂತ ನಿಲುವಿನಲ್ಲೇ ಒಂದು ಪದ್ಧತಿ ಕಟ್ಟಿದ್ದಳು. ಸಾಹೇಬರ ಮುಖ ಮಾತ್ರ ಅರಳಿತು. ಎಂಥ ಅಪರೂಪದ ಆಚಾರ ಎಂದು ಕ್ಯಾಮೆರಾದವನಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಮುಂದೆ ಆ ಫಿಲಮನ್ನು ಸಿಂಧನೂರಿನಲ್ಲಿ ಪರದೆ ಕಟ್ಟಿ ತೋರಿಸಿದಾಗ ಈ ಮಾತನ್ನೂ ಅದರಲ್ಲಿ ಗಂಭೀರವಾಗಿ ಹೇಳಿದರು. ಈಗ ನಮ್ಮೂರ ಹೊಸ ಸೊಸೆಯಂದಿರು ನನಗೇ ಆ ಪದ್ಧತಿ ಕಲಿಸಲು ಬರುತ್ತಾರೆ.

ಸುಳ್ಳು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅತ್ತೆ ನನ್ನ ತೊಡೆ ಚಿವುಟಿದಳು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಅಕ್ಕನನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವಾಗಲೂ ಆ ಹುಡುಗಿಯ ಬಾಯಿಗೆ ಬಂದದ್ದು ಅಣ್ಣನ ಜೋಳವೇ ಎಂಬುದು ನನಗಿಂತ ಮೊದಲು ಅತ್ತೆಗೆ ಹೊಳೆದಿತ್ತು. ಹೌದು, ಆ ಪದ್ಧತಿ ಇದೆ, ತನ್ನ ಅತ್ತೆಯ ಕಾಲದಿಂದಲೂ ಇದೆ ಎಂದು ಸಾಹೇಬರಿಗೆ ಸಾಕ್ಷಿ ಹೇಳಿ, ಜೀಪು ಕೊಟ್ಟರೆ ತಾನೇ ಹೋಗಿ ಜೋಳ ತರುತ್ತೇನೆಂದಳು. ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ನಿನ್ನೆಯ ಬೆಳ್ಳಿಯನ್ನೆಲ್ಲ ಹಾಗೆಯೇ ಮೈಮೇಲೆ ಇಟ್ಟುಕೊಂಡು ಅಮೀನ್‌ಸಾಬನ ಪಕ್ಕದಲ್ಲಿ ಹತ್ತಿ ಕೂತಳು. ಎತ್ತಿನ ಬಂಡಿಯ ಹೊರತು ಬೇರೇನನ್ನೂ ಹತ್ತಿದವಳಲ್ಲ. ಜೀಪು ಹೊರಟಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು, ಬೆನ್ನು ಮಾತ್ರ ನೆಟ್ಟಗಿತ್ತು.

ಅಕ್ಕ ಹೀಗಾಗುತ್ತದೆಂದು ಎಣಿಸಿರಲಿಲ್ಲ. ಬೇಡ ಎನ್ನುವಷ್ಟರಲ್ಲಿ ಜೀಪು ಓಣಿ ದಾಟಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಣ್ಣ ಬಂದರೆ ಬರಲಿ ಬಿಡು, ಒಳ್ಳೆಯದೇ ಆಯಿತು ಎಂದು ನಾನು ಧೈರ್ಯ ಹೇಳಲು ಹೋದರೆ ಅವಳು ಚೌಕಟ್ಟು ಬಿಡದೆಯೇ ಹೇಳಿದಳು.

“ಇಷ್ಟ ದಿನ ಬಂದಿಲ್ಲ ಅನ್ನೋದಷ್ಟ ಇತ್ತು ಕರೆವ್ವ. ಇವತ್ತ ಅತ್ತಿ ಹೋದ ಮ್ಯಾಲೂ ಬರಂಗಿಲ್ಲ ಅಂದ್ರ ನನಗ ತವರು ಮುಗದಂಗ.”

ನಾನು ಕಸ ಗುಡಿಸತೊಡಗಿದೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಅವಳು ಅಕ್ಕಿ ಆರಿಸಲು ಕೂತು, ಒಂದು ಕಲ್ಲನ್ನೂ ತೆಗೆಯದೆ ಮೊರ ಕೆಳಗಿಟ್ಟಳು. ಸಾಹೇಬರು ತಮ್ಮ ಬಿಸಿಲು ಹೋಗುತ್ತಿದೆಯೆಂದು ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಅವರಿಗೆ ಬಿಸಿಲಿನ ಚಿಂತೆ, ನಮಗೆ ನಮ್ಮದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಜೀಪು ಬಂತು. ಮುಂದೆ ಅತ್ತೆ, ತಲೆಗೂದಲೆಲ್ಲ ಬಿಚ್ಚಿ ಧೂಳು ಹತ್ತಿ ಗುರುತು ಸಿಗದ ಹಾಗಾಗಿದ್ದಳು. ಹಿಂದೆ ಒಂದು ಜೋಳದ ಚೀಲ. ಚೀಲದ ಮೇಲೆ ಅಂಬಪ್ಪ.

ಅಲ್ಲಿ ನಡೆದದ್ದನ್ನು ಅಮೀನ್‌ಸಾಬ್ ನನಗೆ ನೀರು ಕೇಳುವ ನೆಪದಲ್ಲಿ ಹೇಳಿದ. ಅಂಬಪ್ಪನ ಹೆಂಡತಿ ಕೊಟ್ಟ ನೀರನ್ನು ಅತ್ತೆ ಮುಟ್ಟಲಿಲ್ಲವಂತೆ. ಅಂಗಳದ ನಡುವೆ ನಿಂತು, ನಿನ್ನ ಜೋಳಕ್ಕೆ ನಾನು ಅಂದದ್ದು ನನ್ನ ಬಾಯಿಯ ಸೊಕ್ಕು, ಇವತ್ತು ಅದೇ ಜೋಳ ಬೇಡಲು ಬಂದಿದ್ದೇನೆ, ಹಾಕುತ್ತೀಯೋ ಇಲ್ಲವೋ ಎಂದು ಸೆರಗೊಡ್ಡಿದಳಂತೆ. ಹೊನ್ನೂರಮ್ಮ ಸೆರಗೊಡ್ಡಿದ್ದನ್ನು ನಾನು ಕಣ್ಣಿಂದ ನೋಡಲಿಲ್ಲವಲ್ಲ ಎಂಬ ಹಳಹಳಿ ನನಗೆ ಇವತ್ತಿಗೂ ಇದೆ. ಅಂಬಪ್ಪ ಕಣಜದಿಂದ ಜೋಳ ತೆಗೆದು ಚೀಲ ತುಂಬಿ, ಬಾಯಿ ಹೊಲಿದು ಜೀಪಿನಲ್ಲಿಟ್ಟ. ಚೀಲ ಹಾದಿಯಲ್ಲಿ ಉರುಳಿ ಬೀಳುತ್ತದೆ, ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ ಎಂದು ಅತ್ತೆ ಅಂದಳು. ಅಂಬಪ್ಪ ಹತ್ತಿ ಕೂತ.

ಇಲ್ಲಿ ಇಳಿದ ಮೇಲೂ ತಾನು ಚೀಲ ಹಿಡಿಯಲು ಬಂದವನು ಅಷ್ಟೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮನೆಯ ಹೊಸ್ತಿಲು ದಾಟಲಿಲ್ಲ. ಅಕ್ಕ ಕಾಲಿಗೆ ನೀರು ತಂದಿಟ್ಟಳು, ಮುಖ ನೋಡಲಿಲ್ಲ. ಅವನು ಕಾಲು ತೊಳೆದುಕೊಂಡ, ಮುಖ ಎತ್ತಲಿಲ್ಲ. ಅಣ್ಣತಂಗಿ ಇಬ್ಬರದೂ ಒಂದೇ ಗಾಣದ ಎಣ್ಣೆ. ನನಗೆ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕೆನ್ನಿಸಿತು.

ಅಷ್ಟರಲ್ಲಿ ಸಾಹೇಬರು ಅವಸರ ಮಾಡತೊಡಗಿದರು. ಬೆಳಕು ಇರುವಾಗಲೇ ಮುಗಿಯಬೇಕು, ಯಾರೂ ಪಿಟ್ಟೆನ್ನಬಾರದು ಎಂದು ಎಚ್ಚರಿಸಿ ನೆರೆದ ಜನರನ್ನೆಲ್ಲ ಕೊಟ್ಟಿಗೆಯ ಗೋಡೆಯ ಹಿಂದೆ ಕಳಿಸಿದರು. ಅಂಬಪ್ಪನೂ ಅವರ ಜೊತೆಗೇ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತ. ಕರುವನ್ನು ಪಕ್ಕದ ಮನೆಗೆ ಹೊಡೆದರು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದರು. ಅತ್ತೆ ಬುಟ್ಟಿಯ ಮೇಲೆ ತಾನೇ ಕೂತಳು.

ಭಾವ ಚೀಲದ ಹೊಲಿಗೆ ಬಿಚ್ಚಿ ಒಂದು ಮೊರ ಜೋಳ ತಂದು ನಮ್ಮ ನಡುವೆ ಇಟ್ಟ. ಅಕ್ಕ ಒಂದು ಹಿಡಿ ತೆಗೆದುಕೊಂಡು ಕಣ್ಣಿಗೊತ್ತಿ ಕಲ್ಲಿನ ಬಾಯಿಗೆ ಹಾಕಿದಳು. ಬೀಸತೊಡಗಿದೆವು. ಕಲ್ಲು ತಿರುಗುವ ಸಪ್ಪಳವೊಂದೇ ಕೇಳುತ್ತಿತ್ತು. ಸುತ್ತಿನ ಮೇಲೆ ಸುತ್ತು ಹಾಕಿದೆವು, ಹಿಟ್ಟು ಬೀಳತೊಡಗಿತು, ಅವಳ ಬಾಯಿ ತೆರೆಯಲಿಲ್ಲ. ಕ್ಯಾಮೆರಾದ ಹಿಂದಿನಿಂದ ಸಾಹೇಬರು ಕೈಸನ್ನೆ ಮಾಡಿದರು. ಗೂಟದ ಮೇಲೆ ಅವಳ ಕೈ ನನ್ನ ಕೈ ಪಕ್ಕದಲ್ಲೇ ಇತ್ತು. ನಾನು ಮೆಲ್ಲಗೆ ನನ್ನ ಕಿರುಬೆರಳನ್ನು ಅವಳ ಬೆರಳಿನ ಮೇಲೆ ಇಟ್ಟೆ. ಆಮೇಲೆ ಪದ ಎತ್ತಿದಳು.

ಹಳ್ಳದ ಆಚೀಗಿ ಬಿಳಿಜ್ವಾಳ ತೆನಿ ಬಾಗಿ
ಬಳ್ಳ ತುಂಬಳೆದು ಕೊಡುವಾನ, ನನ್ನಣ್ಣ
ಒಳ್ಳ್ಯಾವ ಅಂಬಣ್ಣ ಎಲ್ಲದೀ

ಮೂರು ವರ್ಷ ಒಳಗಿಟ್ಟುಕೊಂಡ ಹೆಸರು ಅದು. ಎಲ್ಲಿದ್ದೀ ಎಂಬ ಕೊನೆಯ ಮಾತನ್ನು ಅವಳು ಉಸಿರಿರುವಷ್ಟು ದೂರ ಎಳೆದಳು. ಅವಳು ನಿಲ್ಲಿಸಿದ ಕೂಡಲೇ ನಾನು ಹಿಂದಿನಿಂದ ಹಿಡಿಯಬೇಕು, ಅದು ನನ್ನ ಕೆಲಸ. ನಾನು ಉಸಿರು ತೆಗೆದುಕೊಂಡೆ. ನನಗಿಂತ ಮೊದಲು ಗೋಡೆಯ ಹಿಂದಿನಿಂದ ದನಿ ಬಂತು.

“ಓ... ಇಲ್ಲೇ ಅದೀನವಾ ತಂಗಿ.”

ಕಲ್ಲು ನಿಂತಿತು. ಸಪ್ಪಳದವನು ಕಿವಿಯ ಡಬ್ಬಿ ತೆಗೆದು ಸಾಹೇಬರ ಕಡೆ ನೋಡಿದ. ಬುಟ್ಟಿಯ ಮೇಲೆ ಕೂತಿದ್ದ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು, ಕೋಳಿಯ ಧೂಳು ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಸಾಹೇಬರು ಒಳ್ಳೆಯವರು, ಸಿಟ್ಟಾಗಲಿಲ್ಲ. ಇಂಥ ಹಾಡನ್ನು ತಾವು ಎಲ್ಲೂ ಕೇಳಿಲ್ಲ, ಆದರೆ ನಡುವೆ ಗಂಡಸಿನ ಮಾತು ಸೇರಿಬಿಟ್ಟಿದೆ ಎಂದು ನಮಗೆ ತಿಳಿಯುವಂತೆ ವಿವರಿಸಿದರು. ಬೆಳಕು ಇನ್ನೂ ಇದೆ, ಮೊರದಲ್ಲಿ ಜೋಳವೂ ಇದೆ, ಅದೇ ಪದವನ್ನು ಇನ್ನೊಂದು ಸಲ ಹಾಡಿದರೆ ಸಾಕು ಎಂದು ಕೈಮುಗಿದು ಕೇಳಿದರು. ಭಾವನೂ ಹಾಡು ಎಂದ. ನಾನು ಗೂಟಕ್ಕೆ ಕೈ ಹಾಕಿ ಅಕ್ಕನ ಮುಖ ನೋಡಿದೆ. ಅವಳು ಕಲ್ಲು ಬಿಟ್ಟು ಎದ್ದಿದ್ದಳು.

“ನಾ ಕರದೆ, ಅವ ಓ ಅಂದ. ಇನ್ನ ಯಾಕ ಮತ್ತ ಕರೀಲಿ?”

ಹಾಗೆಂದು, ಕೈಗೆ ಹತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ, ಗೋಡೆಯ ಆ ಬದಿಗೆ ನಡೆದಳು.